ದೇವರ ಮನೆಯ ಹಾರ್ಡ್ ಡಿಸ್ಕು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಶ್ರೀನಿವಾಸಪುರದ ಬಸ್ ಸ್ಟ್ಯಾಂಡ್ ಸುತ್ತಮುತ್ತ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ. ಹದಿನಾರು ವರ್ಷದಿಂದ ಇದೇ ಗಲ್ಲಿಯಲ್ಲಿ ‘ಶ್ಯಾಮಲಾ ಕಂಪ್ಯೂಟರ್ಸ್’ ನಡೆಸುತ್ತಿದ್ದೇನೆ. ಪಹಣಿ, ಜಾತಿ ಪ್ರಮಾಣಪತ್ರ, ಪಿಯುಸಿ ರಿಸಲ್ಟು, ಪಾಸ್‌ಪೋರ್ಟ್ ಸೈಜ್ ಫೋಟೋ, ಏನೇ ಬೇಕಾದರೂ ಜನ ನನ್ನ ಕೌಂಟರಿಗೇ ಬರಬೇಕು. ಬಂದವರು ಕೈಯಲ್ಲಿರುವ ಕಾಗದವನ್ನು ಓದದೆ “ಏನೋ ಬರ್ದವ್ರೆ ನೋಡಮ್ಮ” ಅಂದರೆ ಮಾತ್ರ ನನಗೆ ಸಿಟ್ಟು ನೆತ್ತಿಗೇರುತ್ತದೆ. “ಕಣ್ಣಿದೆಯಲ್ಲ, ಪೂರ್ತಿ ಓದಿ” ಅಂತ ಗದರಿಸುತ್ತೇನೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಆಮೇಲೆ ಇದು ನನ್ನ ತಲೆಗೇ ಬಂದು ಬೀಳುತ್ತದೆ.

ಮೊನ್ನೆ ಶ್ರಾವಣದ ಒಂದು ಗುರುವಾರ, ಬೆಳಿಗ್ಗೆ ಹನ್ನೊಂದೂವರೆಗೆ ಮುನಿಶಾಮಮ್ಮ ಬಂದರು. ಊರಿನಿಂದ ಆರು ಕಿಲೋಮೀಟರ್ ದೂರದಲ್ಲಿ ಅವರಿಗೆ ನಾಲ್ಕು ಎಕರೆ ಮಾವಿನ ತೋಟ ಇದೆ. ಅರವತ್ತೈದು ದಾಟಿದ್ದರೂ ನಡಿಗೆಯಲ್ಲಿ ನನ್ನನ್ನು ಹಿಂದೆ ಹಾಕುವ ಹೆಂಗಸು. ಒಂದು ಕಂಕುಳಲ್ಲಿ ಬುಟ್ಟಿ, ಇನ್ನೊಂದು ಕೈಯಲ್ಲಿ ಮಡಿಸಿದ ನೋಟೀಸು.

“ಶ್ಯಾಮಲಾ, ಇವತ್ತು ನಾಲ್ಕು ಗಂಟೆಗೆ ತೀರ್ಮಾನ ಕಣಮ್ಮಾ. ಆ ಫೋಟೋ ತೆಗ್ದು ಕೊಡು, ಬೇಗ.”

ಯಾವ ಫೋಟೋ ಅಂತ ನಾನು ಕೇಳಬೇಕಾಗಿರಲಿಲ್ಲ. ಬುಟ್ಟಿಯ ಮೇಲಿನ ಟವಲ್ ಸರಿಸಿದರೆ ಒಳಗೆ ಮೂರು ಮಾವಿನ ಹಣ್ಣು. ಶ್ರಾವಣದಲ್ಲಿ! ನಮ್ಮ ತಾಲ್ಲೂಕಿನಲ್ಲಿ ಆ ಹೊತ್ತಿಗೆ ಮಂಡಿಗಳು ಬಾಗಿಲು ಹಾಕಿ, ಲಾರಿಗಳು ಹೋಗಿ, ನೊಣ ಕೂಡ ಉಳಿದಿರುವುದಿಲ್ಲ. ಮುನಿಶಾಮಮ್ಮನ ಒಂದು ಮರ ಮಾತ್ರ ಆಗ ಹಣ್ಣು ಕೊಡುತ್ತದೆ.

ಆ ಮರದ ಕಥೆ ಇಷ್ಟು. ಪಂಪ್ ಹೌಸಿನ ಪಕ್ಕ ತಾನಾಗಿಯೇ ಹುಟ್ಟಿದ ಗಿಡ ಅದು. ಹತ್ತು ವರ್ಷ ಒಂದು ಕಾಯಿ ಬಿಡಲಿಲ್ಲ. ಗಂಡ ಕಡಿ ಅಂದ, ಮೈದುನ ಕಡಿ ಅಂದ, ತೋಟಕ್ಕೆ ಬಂದ ದಳ್ಳಾಳಿ ಕೂಡ ಕಡಿ ಅಂದ. ಮುನಿಶಾಮಮ್ಮ ಕೊಡಲಿಗೆ ಕೈ ಹಾಕಲು ಬಿಡಲಿಲ್ಲ. ಅದಕ್ಕೆ ‘ಮೊಂಡಿ’ ಅಂತ ಹೆಸರಿಟ್ಟು ನೀರು ಹಾಕುತ್ತಾ ಹೋದರು. ಹನ್ನೊಂದನೇ ವರ್ಷದ ಶ್ರಾವಣದಲ್ಲಿ, ಊರೆಲ್ಲ ಮಾವನ್ನು ಮರೆತು ಕೂತಿದ್ದಾಗ, ಮೊಂಡಿ ಐದು ಹಣ್ಣು ಕೊಟ್ಟಿತು.

ಹೊಸ ಮರದ ಮೊದಲ ಫಲವನ್ನು ಮೂಸಿ ಕೂಡ ನೋಡದೆ ಕುರುಡುಮಲೆ ಗಣಪತಿಗೆ ಒಪ್ಪಿಸುವುದು ಅವರ ಮನೆಯ ಪದ್ಧತಿ. ಅವತ್ತು ಬುಟ್ಟಿ ಹೊತ್ತು ಬಸ್ಸಿಗೆ ಕಾಯುತ್ತಿದ್ದವರು ನನ್ನ ಅಂಗಡಿಗೆ ನುಗ್ಗಿ, “ಹಣ್ಣು ಸ್ವಾಮಿಗೆ ಹೊರಟೋಗ್ತದೆ, ಒಂದು ಫೋಟೋನಾದ್ರೂ ನನಗಿರಲಿ” ಅಂದರು. ಹೊಸ ಕ್ಯಾಮೆರಾ ಕೊಂಡ ಹುರುಪಿನಲ್ಲಿ ನಾನು ಎರಡು ತೆಗೆದೆ. ನಾನು ಕೊಟ್ಟ ಪ್ರಿಂಟನ್ನು ಎರಡು ವರ್ಷದಲ್ಲೇ ಗೆದ್ದಲು ತಿಂದಿತು. “ಇನ್ನೊಂದು ಯಾವಾಗ ಬೇಕಾದ್ರೂ ತಗೊಳ್ಳಿ, ನನ್ನ ಹತ್ರ ಭದ್ರವಾಗಿದೆ” ಅಂದಿದ್ದೆ. ಒಂದು ಸಲವಲ್ಲ, ಹತ್ತು ಸಲ ಅಂದಿದ್ದೆ.

ಈಗ ಆ ಫೋಟೋಗೆ ಪ್ರಾಣ ಬಂದಿತ್ತು. ಮಾಲೂರು ರಸ್ತೆಯಲ್ಲಿ ‘ಹಸಿರು ಹೊನ್ನು’ ಅಂತ ನರ್ಸರಿ ಇಟ್ಟಿರುವ ನಂದೀಶ್ ಬಹಳ ಹಿಂದೆ ಇವರ ತೋಟಕ್ಕೆ ಬಂದು, ಕಾಫಿ ಕುಡಿದು, ಮೊಂಡಿಯ ಒಂದು ಹಿಡಿ ಕಡ್ಡಿ ಕೇಳಿಕೊಂಡು ಹೋಗಿ ಕಸಿ ಕಟ್ಟಿದ್ದ. ಈಗ ಅದೇ ಜಾತಿಗೆ ‘ಶ್ರಾವಣ ಸ್ವರ್ಣ’ ಅಂತ ಹೆಸರಿಟ್ಟು, ಇದು ನನ್ನ ತೋಟದಲ್ಲಿ ಹುಟ್ಟಿದ ಹೊಸ ತಳಿ, ನನ್ನ ಹೆಸರಿಗೆ ಬರೆಯಿರಿ ಅಂತ ತಳಿ ನೋಂದಾಯಿಸುವ ಸಮಿತಿಗೆ ಅರ್ಜಿ ಹಾಕಿದ್ದ. ಮುನಿಶಾಮಮ್ಮ ತಕರಾರು ಸಲ್ಲಿಸಿದ್ದರು. ಎರಡೂ ಮರ ಒಂದೇ ತಳಿ ಅಂತ ಲ್ಯಾಬು ಹೇಳಿ ಆಗಿತ್ತು. ಯಾರದು ಮೊದಲು ಅನ್ನುವುದೊಂದೇ ಪ್ರಶ್ನೆ. ನಂದೀಶನ ಹತ್ತಿರ ೨೦೧೪ರ ಫಸಲಿನ ಫೋಟೋ, ಕಾಗದ, ಸೀಲು ಎಲ್ಲ ಇತ್ತು. ಮುನಿಶಾಮಮ್ಮನ ಹತ್ತಿರ ಇದ್ದದ್ದು ನನ್ನ ಮಾತು.

“ಇವತ್ತು ಸೋತ್ರೆ ನನ್ನ ಮೊಂಡಿ ನನ್ನ ತೋಟದಲ್ಲೇ ಅವನ ಮರದ ಕಸಿ ಅಂತ ಆಗೋಗ್ತದೆ,” ಅಂದರು ಮುನಿಶಾಮಮ್ಮ. “ಅದನ್ನ ಸಹಿಸಲ್ಲ ನಾನು.”

“ಕೂತ್ಕೊಳ್ಳಿ, ಎರಡೇ ನಿಮಿಷ,” ಅಂದೆ ಜಂಬದಿಂದ.

ನನ್ನದೊಂದು ಕ್ರಮ ಇದೆ. ಪ್ರತಿ ವರ್ಷ ಆಯುಧ ಪೂಜೆಯ ಹಿಂದಿನ ದಿನ, ಮಾರನೇ ದಿನ ಹೇಗೂ ಯಂತ್ರಗಳಿಗೆ ರಜೆ ಅಂತ, ಅಂಗಡಿಯ ಅಷ್ಟೂ ಫೋಟೋ, ಅಷ್ಟೂ ಕಡತವನ್ನು ಬ್ಯಾಕಪ್ ಸಾಫ್ಟ್‌ವೇರ್‌ನಲ್ಲಿ ಒಂದೇ ಗಂಟು ಕಟ್ಟಿ ಹಾರ್ಡ್ ಡಿಸ್ಕಿಗೆ ಹಾಕುತ್ತೇನೆ. ಗಂಟಿನ ಮೇಲೆ ಸಾಫ್ಟ್‌ವೇರೇ ತಾರೀಕು ಒತ್ತುತ್ತದೆ. ಬಿಚ್ಚಬೇಕಾದರೂ ಅದೇ ಸಾಫ್ಟ್‌ವೇರ್ ಬೇಕು, ಬೇರೆಯದಕ್ಕೆ ಅದು ಬಗ್ಗುವುದಿಲ್ಲ.

ಸಾಫ್ಟ್‌ವೇರ್ ತೆರೆದೆ. ಗಂಟುಗಳ ಪಟ್ಟಿ ಬಂತು. ೨೦೨೪, ೨೦೨೩, ೨೦೨೨ ಅಂತ ಇಳಿಯುತ್ತಾ ಇಳಿಯುತ್ತಾ ೨೦೧೫ಕ್ಕೆ ಬಂದು ಪಟ್ಟಿ ಮುಗಿದುಹೋಯಿತು. ಅದರ ಕೆಳಗೆ ಏನೂ ಇಲ್ಲ.

ಆಗ ನನಗೆ ನೆನಪಾಯಿತು. ಮೊದಲಿನ ಡಿಸ್ಕು ೨೦೧೯ರಲ್ಲಿ ನರಳಲು ಶುರು ಮಾಡಿದಾಗ, ಕೋಲಾರದ ಕಂಪ್ಯೂಟರ್ ರಿಪೇರಿಯ ಉಮೇಶ್ ಬಂದು ಅದರಲ್ಲಿದ್ದದ್ದೆಲ್ಲವನ್ನೂ ಈ ಹೊಸ ಡಿಸ್ಕಿಗೆ ಇಳಿಸಿಕೊಟ್ಟಿದ್ದ. ಎರಡು ವರ್ಷದ ನಂತರ ಜಾಗ ಸಾಲದೆ ಹೋದಾಗ, ಯಾರಿಗೆ ಬೇಕು ಈ ಹಳೇ ಕಸ ಅಂದುಕೊಂಡು ಮೊದಲ ನಾಲ್ಕು ಗಂಟು ಅಳಿಸಿದ್ದೆ. ನಾನೇ ಅಳಿಸಿದ್ದೆ, ಈ ಕೈಯಿಂದಲೇ!

“ಸಿಕ್ತಾ?” ಅಂದರು ಮುನಿಶಾಮಮ್ಮ.

“ಲೋಡ್ ಆಗ್ತಿದೆ,” ಅಂದೆ. ಹದಿನಾರು ವರ್ಷದಲ್ಲಿ ಗಿರಾಕಿಗೆ ಹೇಳಿದ ಮೊದಲ ಸುಳ್ಳು ಅದು ಅಂತ ನಾನು ಪ್ರಮಾಣ ಮಾಡುವುದಿಲ್ಲ, ಆದರೆ ಅಷ್ಟು ನಾಚಿಕೆಯಾದದ್ದು ಅದೇ ಮೊದಲು.

ಹಳೇ ಡಿಸ್ಕು! ಅದರಲ್ಲಿ ಎಲ್ಲವೂ ಹಾಗೇ ಇರಬೇಕು. ಎಲ್ಲಿ ಬಿಸಾಕಿದ್ದೆ ಅದನ್ನು? ಅಂಗಡಿಯ ಹಿಂದೆಯೇ ನಮ್ಮ ಮನೆ. ಅಟ್ಟ ಹತ್ತಿದೆ, ಇಳಿದೆ. ಹಳೇ ಕೀಬೋರ್ಡುಗಳ ಮೂಟೆ ಬಿಚ್ಚಿ ನಡುಮನೆಯಲ್ಲಿ ಸುರಿದೆ. ಸೊಪ್ಪು ಬಿಡಿಸುತ್ತಿದ್ದ ನನ್ನ ಅತ್ತೆ ಭಾರತಮ್ಮ ತಲೆ ಎತ್ತಿ ನೋಡಿದರು.

“ಏನೇ ಅದು, ಮನೆಯೆಲ್ಲ ರಾಮಾಯಣ?”

“ಹಳೇ ಹಾರ್ಡ್ ಡಿಸ್ಕು ಅತ್ತೆ! ಕಪ್ಪಗೆ, ಇಟ್ಟಿಗೆ ಥರ ಇತ್ತಲ್ಲ!”

“ಅದಾ? ದೇವರ ಮನೇಲಿದೆ.”

ಹೋಗಿ ನೋಡಿದರೆ ಇತ್ತು. ಕುಡುಗೋಲು, ಇಳಿಗೆಮಣೆ, ಮಾವನವರ ಹಳೇ ತಕ್ಕಡಿ, ಇವುಗಳ ಪಕ್ಕದಲ್ಲಿ ನನ್ನ ಡಿಸ್ಕು. ಮೈಗೆಲ್ಲ ವಿಭೂತಿ ಪಟ್ಟೆ, ಐದು ಕಡೆ ಕುಂಕುಮದ ಬೊಟ್ಟು, ಅರಿಶಿನ ದಾರ ಆರು ಸುತ್ತು, ಮೇಲೊಂದು ಒಣಗಿದ ಚೆಂಡುಹೂ. ಅದರ ಕರೆಂಟಿನ ಅಡಾಪ್ಟರಿಗೂ ಒಂದು ಬೊಟ್ಟು.

“ಅತ್ತೇ! ಏನಿದು ಅವತಾರ!”

“ಒಂಬತ್ತು ವರ್ಷ ದುಡಿದ ಯಂತ್ರನ ಕಸದ ಬುಟ್ಟಿಗೆ ಹಾಕಿದ್ದೆ ನೀನು. ದುಡಿದಿದ್ದನ್ನ ಹಾಗೆ ಬಿಸಾಕ್ತಾರೇನೇ? ತಂದಿಟ್ಟೆ. ವರ್ಷಾ ವರ್ಷ ಎಲ್ಲದರ ಜೊತೆ ಅದಕ್ಕೂ ಪೂಜೆ.”

ನನಗೆ ಆಗ ಕೃತಜ್ಞತೆ ಬರಬೇಕಿತ್ತು. ಬಂದದ್ದು ಸಿಟ್ಟು. ಕೇಬಲ್ ಸಿಕ್ಕಿಸುವ ಕಿಂಡಿಯಲ್ಲಿ ಕುಂಕುಮ ಗಟ್ಟಿಯಾಗಿ ಕೂತಿತ್ತು. “ಇದರೊಳಗೂ ಬೊಟ್ಟು ಇಡ್ಬೇಕಿತ್ತಾ?” ಅಂತ ಕಿರುಚಿಕೊಂಡು, ಡಿಸ್ಕನ್ನು ಎದೆಗವಚಿಕೊಂಡು ಅಂಗಡಿಗೆ ಓಡಿದೆ. ಅತ್ತೆ ಸೊಪ್ಪು ಬಿಟ್ಟು ಹಿಂದೆಯೇ ಬಂದರು.

ಹಳೇ ಟೂತ್‌ಬ್ರಶ್ಶಿನಲ್ಲಿ ಉಜ್ಜಿದೆ. ಸ್ಪಿರಿಟ್ ಹಾಕಿ ಒರೆಸಿದೆ. ಕಿಂಡಿ ಬೆಳ್ಳಗಾಯಿತು, ನನ್ನ ಕೈ ಕೆಂಪಾಯಿತು. ಕೇಬಲ್ ಸಿಕ್ಕಿಸಿ, ಅಡಾಪ್ಟರ್ ಹಾಕಿ, ಉಸಿರು ಬಿಗಿಹಿಡಿದು ಸ್ವಿಚ್ ಒತ್ತಿದೆ. ಹಸಿರು ದೀಪ ಹತ್ತಿತು! ಒಳಗೆ ಚಕ್ರ ಗುರ್ ಅಂತ ತಿರುಗಿತು!

“ಉಸಿರಾಡ್ತೈತೆ!” ಅಂದರು ಮುನಿಶಾಮಮ್ಮ, ಎದ್ದು ನಿಂತು.

ಬ್ಯಾಕಪ್ ಸಾಫ್ಟ್‌ವೇರ್‌ನಲ್ಲಿ ‘ಡಿಸ್ಕ್ ಹುಡುಕು’ ಅಂತ ಒತ್ತಿದೆ. ಗಡಿಯಾರದ ಚಿಹ್ನೆ ತಿರುಗಿತು, ತಿರುಗಿತು, ನಿಂತಿತು. ಹೊಸ ಡಿಸ್ಕು ಒಂದೇ ತೋರಿಸಿತು. ಇನ್ನೊಂದು ಸಲ ಒತ್ತಿದೆ. ಅದೇ ಉತ್ತರ. ಕೇಬಲ್ ಬದಲಾಯಿಸಿದೆ. ಮುಂದಿನ ಕಿಂಡಿ ಬಿಟ್ಟು ಹಿಂದಿನ ಕಿಂಡಿಗೆ ಹಾಕಿದೆ. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದೆ. ದೀಪ ಉರಿಯುತ್ತದೆ, ಚಕ್ರ ತಿರುಗುತ್ತದೆ, ಸಾಫ್ಟ್‌ವೇರ್ ಮಾತ್ರ ಕಣ್ಣೆತ್ತಿಯೂ ನೋಡುವುದಿಲ್ಲ.

ಗಂಟೆ ಒಂದಾಗಿತ್ತು. ನಾನು ಅತ್ತೆಯ ಕಡೆ ತಿರುಗಿದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಯಂತ್ರಕ್ಕೆ ಕುಂಕುಮ ಹಚ್ಚುವ ಜನ ಭೂಮಿಯ ಮೇಲೆ ಇನ್ನೆಲ್ಲಾದರೂ ಇದ್ದಾರಾ ಅಂದೆ. ನಿಮ್ಮ ಭಕ್ತಿಗೆ ಈ ಹೆಂಗಸಿನ ಮರ ಹೋಗುತ್ತದೆ ಅಂದೆ. ಅತ್ತೆ ಸೆರಗಿನಿಂದ ಕೌಂಟರಿನ ಮೇಲೆ ಚೆಲ್ಲಿದ ಕುಂಕುಮ ಒರೆಸುತ್ತಾ ನಿಂತರು. ಬೈಯುವಾಗಲೇ ನನಗೆ ಗೊತ್ತಿತ್ತು, ನಾನು ಬೈಯುತ್ತಿರುವುದು ನನ್ನನ್ನೇ ಅಂತ.

ಉಮೇಶನಿಗೆ ಫೋನ್ ಮಾಡಿದೆ. ಅವನು ಮಾಲೂರಿನಲ್ಲಿ ಯಾವುದೋ ಶಾಲೆಯ ಕಂಪ್ಯೂಟರ್ ರಿಪೇರಿಗೆ ಹೋಗಿದ್ದ.

“ಅಕ್ಕ, ಲ್ಯಾಪ್‌ಟಾಪ್ ಇದೆಯಾ? ಅದಕ್ಕೆ ಹಾಕಿ ನೋಡು.”

ಹಾಕಿದೆ. ಅಬ್ಬಾ! ಹಾಕಿದ ತಕ್ಷಣ ಡಿಸ್ಕು ಬಂತು! ಒಳಗೆ ಗಂಟುಗಳು ಸಾಲಾಗಿ ಕೂತಿದ್ದವು, ೨೦೧೧, ೨೦೧೨, ೨೦೧೩, ಎಲ್ಲವೂ! ನಾನು ಕೂಗಿದ ಕೂಗಿಗೆ ಪಕ್ಕದ ಟೈಲರ್ ಅಂಗಡಿಯ ಮಿಷನ್ ನಿಂತಿತು. ಆದರೆ ಲ್ಯಾಪ್‌ಟಾಪಿನಲ್ಲಿ ಬ್ಯಾಕಪ್ ಸಾಫ್ಟ್‌ವೇರ್ ಇಲ್ಲ, ನನ್ನ ಲೈಸೆನ್ಸು ಒಂದೇ ಯಂತ್ರಕ್ಕೆ. ಗಂಟನ್ನು ದೊಡ್ಡ ಕಂಪ್ಯೂಟರಿಗೆ ಸಾಗಿಸೋಣ ಅಂದರೆ ಅದರ ಗಾತ್ರಕ್ಕೆ ನನ್ನ ಪೆನ್ ಡ್ರೈವುಗಳನ್ನೆಲ್ಲ ಸೇರಿಸಿದರೂ ಕಾಲು ಭಾಗ ಹಿಡಿಯುವುದಿಲ್ಲ. ಕಣ್ಣೆದುರಿಗೆ ಇದೆ, ಕೈಗೆ ಸಿಗುವುದಿಲ್ಲ!

“ಹಂಗಾದ್ರೆ ನನ್ನ ಕುಂಕುಮದ್ದೇನೂ ತಪ್ಪಿಲ್ಲ,” ಅಂದರು ಅತ್ತೆ, ಗೋಡೆಯ ಕಡೆ ನೋಡುತ್ತಾ.

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

“ಅಕ್ಕ, ಡಿಸ್ಕು ಚೆನ್ನಾಗಿದೆ ಅಂತಾಯ್ತು,” ಅಂದ ಉಮೇಶ್. “ದೊಡ್ಡ ಕಂಪ್ಯೂಟರೇ ಅದನ್ನ ಒಳಗೆ ಬಿಡ್ತಿಲ್ಲ. ವಾಪಸ್ಸು ಅದಕ್ಕೇ ಹಾಕು. ಡಿಸ್ಕ್ ಮ್ಯಾನೇಜ್‌ಮೆಂಟ್ ಅಂತ ಒಂದು ಕಿಟಕಿ ಇದೆ, ತೆಗಿ. ಕೆಳಗೆ ಡಿಸ್ಕುಗಳ ಸಾಲು ಇರತ್ತೆ. ಏನ್ ಕಾಣ್ತಿದೆ?”

“ಹೊಸದು ಇದೆ. ಅದರ ಕೆಳಗೆ ಇನ್ನೊಂದಿದೆ ಕಣೋ! ಪಕ್ಕದಲ್ಲಿ ಕೆಂಪಗೆ ಒಂದು ಬಾಣದ ಗುರುತು. ಆಫ್‌ಲೈನ್ ಅಂತ ಏನೋ ಬರ್ದಿದೆ.”

“ಏನೋ ಅಂದ್ರೆ?”

“ಏನೋ ಉದ್ದಕ್ಕೆ ಇಂಗ್ಲಿಷಲ್ಲಿ...”

“ಅಕ್ಕ,” ಅಂದ ಉಮೇಶ್, “ಕಣ್ಣಿದೆಯಲ್ಲ, ಪೂರ್ತಿ ಓದಿ.”

ನನ್ನ ಮಾತು ನನಗೇ! ಫೋನಿನೊಳಗೆ ಕೈ ಹಾಕಿ ಅವನ ಕಿವಿ ಹಿಂಡುವಂತಿದ್ದರೆ ಹಿಂಡುತ್ತಿದ್ದೆ. ಮೌಸನ್ನು ಅದರ ಮೇಲೆ ಹಿಡಿದು ಪೂರ್ತಿ ಓದಿದೆ. ಈ ಡಿಸ್ಕಿನ ಗುರುತೂ ಈಗಾಗಲೇ ಚಾಲನೆಯಲ್ಲಿರುವ ಇನ್ನೊಂದು ಡಿಸ್ಕಿನ ಗುರುತೂ ಒಂದೇ ಆಗಿರುವುದರಿಂದ ಇದನ್ನು ಹೊರಗಿಡಲಾಗಿದೆ ಅಂತ ಬರೆದಿತ್ತು.

ಅದನ್ನು ಕೇಳಿ ಉಮೇಶ್, “ಅಯ್ಯಯ್ಯೋ! ಇದು ನಾನೇ ಮಾಡಿದ್ದು ಕಣಕ್ಕ! ಅವತ್ತು ನಾನು ಬರೀ ಕಡತಗಳನ್ನ ನಕಲು ಮಾಡ್ಲಿಲ್ಲ, ಡಿಸ್ಕನ್ನೇ ಅಚ್ಚು ತೆಗ್ದೆ. ಪ್ರತಿ ಡಿಸ್ಕಿಗೂ ಒಂದು ಗುರುತಿನ ನಂಬರ್ ಇರತ್ತೆ, ಅದೂ ಸಮೇತ ಬಂದ್ಬಿಟ್ಟಿದೆ. ಒಂದೇ ಆಧಾರ್ ನಂಬರಲ್ಲಿ ಇಬ್ಬರು ಬಂದ್ರೆ ಏನ್ ಮಾಡ್ತೀಯ ನೀನು? ಮೊದಲು ಕೌಂಟರಿಗೆ ಬಂದವನನ್ನ ಕೂರಿಸ್ಕೊಂಡು ಎರಡನೆಯವನನ್ನ ಹೊರಗೆ ಕಳಿಸ್ತೀಯ. ಅದೂ ಅದನ್ನೇ ಮಾಡಿದೆ!” ಅಂದ.

“ಹಾಗಾದ್ರೆ ಈಗ?”

“ಹೊಸದನ್ನ ಕೀಳು. ಇಷ್ಟೇ!”

ನಾವು ಮಾತಾಡುವುದನ್ನು ಮುನಿಶಾಮಮ್ಮ ಕಿವಿಯಿಟ್ಟು ಕೇಳುತ್ತಿದ್ದರು. “ಏಮಮ್ಮಾ ಇದಿ, ನನ್ನ ಮರದ ಕಥೇನೇ ಆಯ್ತಲ್ಲ,” ಅಂದರು ಅರ್ಧ ತೆಲುಗಿನಲ್ಲಿ. “ಹಿಂದೆ ಬಂದೋನು ಮುಂದೆ ಕೂತವ್ನೆ. ಮೊದ್ಲು ಹುಟ್ಟಿದೋಳು ಬಾಗ್ಲಲ್ಲಿ ನಿಂತವಳೆ.”

ಆ ಮಾತಿಗೆ ನನಗೆ ತಡೆಯಲಾಗಲಿಲ್ಲ. ಹೊಸ ಡಿಸ್ಕಿನ ಕೇಬಲ್ ಹಿಡಿದುಕೊಂಡೇ ಹೇಳಿಬಿಟ್ಟೆ. “ಅಮ್ಮ, ಫೋಟೋ ಇದರಲ್ಲೂ ಇತ್ತು. ನಾನೇ ಅಳಿಸ್ಬಿಟ್ಟೆ. ಭದ್ರವಾಗಿದೆ ಅಂತ ನಿಮಗೆ ಹೇಳ್ತಾನೇ ಇದ್ದೆ, ನೋಡ್ದೇನೇ ಹೇಳ್ತಿದ್ದೆ. ನನ್ನಿಂದಾನೇ ಇಷ್ಟೆಲ್ಲ.”

ಮುನಿಶಾಮಮ್ಮ ನನ್ನ ಮುಖ ನೋಡಿದರು. ಮೂಗಿನ ಹೊಳ್ಳೆ ಅರಳಿತು. “ಆಮೇಲೆ ಬೈತೀನಿ. ಚೆನ್ನಾಗೇ ಬೈತೀನಿ. ಈಗ ಕಿತ್ತಾಕು ಅದನ್ನ. ಪದ ಪದ, ನಡಿ!”

ಕಿತ್ತೆ. ಹಳೆಯದರ ಕೇಬಲ್ ತೆಗೆದು ಮತ್ತೆ ಸಿಕ್ಕಿಸಿದೆ. ಟಣ್ ಅಂತ ಒಂದು ಸದ್ದು. ಸಾಫ್ಟ್‌ವೇರ್‌ನಲ್ಲಿ ಖಾಲಿಯಿದ್ದ ಜಾಗಕ್ಕೆ ಒಂದು ಹೆಸರು ಬಂದು ಕೂತಿತು. ಅದರ ಕೆಳಗೆ ಪಟ್ಟಿ. ಎಲ್ಲಕ್ಕಿಂತ ಕೊನೆಯ ಸಾಲಿನಲ್ಲಿ ೪ ಅಕ್ಟೋಬರ್ ೨೦೧೧. ನಾವು ಮೂರು ಜನ ಹೆಂಗಸರು ಒಟ್ಟಿಗೆ ಕಿರುಚಿದೆವು. ಫೋನಿನಲ್ಲಿ ಉಮೇಶನೂ ಕಿರುಚಿದ, ಅವನ ಹಿಂದೆ ಮಾಲೂರಿನ ಶಾಲೆಯ ಮಕ್ಕಳು ಯಾಕೆ ಅಂತ ಗೊತ್ತಿಲ್ಲದೆ ಹೋ ಅಂತ ಕೂಗಿದರು.

ಗಂಟೆ ಎರಡೂ ಮುಕ್ಕಾಲು. ಗಂಟು ಬಿಚ್ಚಿಕೊಳ್ಳಲು ಇಪ್ಪತ್ತು ನಿಮಿಷ ಹಿಡಿಯಿತು. ಒಳಗೆ ನೋಡಿದರೆ ‘ಹೊಸ ಫೋಲ್ಡರ್’, ‘ಹೊಸ ಫೋಲ್ಡರ್ ೨’, ‘ಹೊಸ ಫೋಲ್ಡರ್ ೪೭’. ಆ ಕಾಲದ ನನ್ನನ್ನು ಎಳೆದು ತಂದು ಎರಡು ಬಿಡಬೇಕು ಅನ್ನಿಸಿತು. ಚಿಕ್ಕ ಚಿಕ್ಕ ಫೋಟೋಗಳು ಸಾಲಾಗಿ ಸರಿಯುತ್ತಿದ್ದವು. ಪಾಸ್‌ಪೋರ್ಟ್ ಸೈಜ್ ಮುಖಗಳು, ನಾಮಕರಣಗಳು, ಟ್ರಾಕ್ಟರ್ ಪಕ್ಕ ನಿಂತ ಗಂಡಸರು.

“ನಿಲ್ಸು! ಹಸಿರು ಸೀರೆ! ಅದು ನಾನೇ!” ಮುನಿಶಾಮಮ್ಮ ಪರದೆಗೆ ಬೆರಳು ಚುಚ್ಚಿದರು.

ತೆರೆದೆ. ಹದಿನಾಲ್ಕು ವರ್ಷದ ಹಿಂದಿನ ಮುನಿಶಾಮಮ್ಮ, ಇದೇ ಕೌಂಟರಿನ ಮುಂದೆ, ಎದೆಗೊತ್ತಿಕೊಂಡ ಬುಟ್ಟಿ, ಬುಟ್ಟಿಯಲ್ಲಿ ಐದು ಹಣ್ಣು. ಕೆಂಪಗಿನ ಹೆಗಲು, ಗಿಣಿಯ ಕೊಕ್ಕಿನಂತೆ ಬಾಗಿದ ತುದಿ, ಇವತ್ತಿನ ಬುಟ್ಟಿಯಲ್ಲಿದ್ದ ಹಣ್ಣುಗಳದ್ದೇ ಆಕಾರ. ಖುಷಿಗೆ ನನ್ನ ಕಣ್ಣು ತುಂಬಿತು. ಆಮೇಲೆ ಫೋಟೋದ ಮೂಲೆಯಲ್ಲಿ ಕಿತ್ತಳೆ ಬಣ್ಣದ ಅಂಕಿ ಕಂಡಿತು.

೦೧.೦೧.೨೦೦೫.

“ಅಯ್ಯೋ, ದರಿದ್ರ!” ಅಂದೆ. ಕ್ಯಾಮೆರಾಗೆ ತಾರೀಕು ಹೊಂದಿಸಿಯೇ ಇರಲಿಲ್ಲ ನಾನು! ಬ್ಯಾಟರಿ ತೆಗೆದು ಹಾಕಿದಾಗಲೆಲ್ಲ ಅದು ಹುಟ್ಟಿದ ದಿನಕ್ಕೆ ಹೋಗಿ ನಿಲ್ಲುತ್ತಿತ್ತು. ಶ್ರಾವಣದ ಹಣ್ಣಿಗೆ ಜನವರಿ ಒಂದು ಅಂತ ಬರೆದ ಫೋಟೋವನ್ನು ಸಮಿತಿಯ ಮುಂದೆ ಇಟ್ಟರೆ ನಂದೀಶ್ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ನಾನು ಕುರ್ಚಿಯಲ್ಲಿ ಕುಸಿದೆ. ಮುನಿಶಾಮಮ್ಮನಿಗೆ ಅಂಕಿ ಅರ್ಥವಾಗಿ ಅವರೂ ಮೆಲ್ಲಗೆ ಬೆಂಚಿನ ಮೇಲೆ ಕೂತರು. ಮೂರು ಗಂಟೆ ಹತ್ತು ನಿಮಿಷ.

ಅತ್ತೆ ಮಾತ್ರ ಪರದೆಯ ಹತ್ತಿರ ಹೋಗಿ, ಕನ್ನಡಕ ಏರಿಸಿ, ಬಗ್ಗಿ ನೋಡುತ್ತಿದ್ದರು.

“ಇವಳ ತಲೆ ಹಿಂದೆ ಗೋಡೆ ಮೇಲೆ ಏನೇ ಅದು? ನನ್ನ ಕ್ಯಾಲೆಂಡರ್ ಅಲ್ವಾ?”

ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್. ನಾನು ಅಂಗಡಿ ತೆರೆಯುವ ಮುಂಚೆ ಅತ್ತೆ ಬಂದು ಊದುಬತ್ತಿ ಹಚ್ಚಿ, ನಿನ್ನೆಯ ಹಾಳೆ ಹರಿದು ಹೋಗುತ್ತಾರೆ. ಜ್ವರ ಬಂದರೂ ತಪ್ಪಿಸುವುದಿಲ್ಲ. ಇದೂ ಒಂದು ಶಾಸ್ತ್ರವಾ ಅಂತ ನಾನು ಎಷ್ಟೋ ಸಲ ನಕ್ಕಿದ್ದೇನೆ. ಈಗ ಫೋಟೋವನ್ನು ದೊಡ್ಡದು ಮಾಡಿದೆ, ಇನ್ನೂ ದೊಡ್ಡದು ಮಾಡಿದೆ. ಮೊದಲು ಮಂಜು ಮಂಜಾಗಿ ಒಂದು ದಪ್ಪ ಅಂಕಿ, ಆಮೇಲೆ ಅದರ ಮೇಲೆ ಕೆಳಗೆ ಅಕ್ಷರಗಳು. ಆಗಸ್ಟ್, ಇಪ್ಪತ್ತು, ೨೦೧೧, ಶನಿವಾರ.

ನಾನು ಅತ್ತೆಯನ್ನು ತಬ್ಬಿಕೊಂಡೆ. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು. “ಬಿಡೇ, ಮೈಯೆಲ್ಲ ಸ್ಪಿರಿಟ್ ವಾಸನೆ,” ಅಂದರು ಅವರು. ಆದರೆ ಬಿಡಿಸಿಕೊಳ್ಳಲಿಲ್ಲ.

ಪ್ರಿಂಟ್ ತೆಗೆದೆ, ಇಡೀ ಫೋಟೋ ಒಂದು, ಕ್ಯಾಲೆಂಡರಿನ ಭಾಗ ದೊಡ್ಡದಾಗಿ ಒಂದು, ಗಂಟುಗಳ ಪಟ್ಟಿಯದು ಒಂದು. ಡಿಸ್ಕನ್ನೂ ಅದರ ಅಡಾಪ್ಟರನ್ನೂ ಟವಲಿನಲ್ಲಿ ಸುತ್ತಿ ಸ್ಕೂಟರಿನ ಡಿಕ್ಕಿಯಲ್ಲಿಟ್ಟೆ. ಹಿಂದೆ ಮುನಿಶಾಮಮ್ಮ, ಅವರ ತೊಡೆಯ ಮೇಲೆ ಬುಟ್ಟಿ. ತೋಟಗಾರಿಕೆ ಕಚೇರಿಯ ಗೇಟಿನೊಳಗೆ ನುಗ್ಗಿದಾಗ ನಾಲ್ಕಕ್ಕೆ ಹದಿನೈದು ನಿಮಿಷ ಇತ್ತು.

ಸಭಾಂಗಣದಲ್ಲಿ ಸಮಿತಿಯವರು ನಾಲ್ಕು ಜನ. ನಡುವೆ ನರೆತ ಕೂದಲಿನ ಅಧ್ಯಕ್ಷೆ. ಎದುರಿಗೆ ನಂದೀಶ್, ಇಸ್ತ್ರಿ ಮಾಡಿದ ಬಿಳೀ ಅಂಗಿ, ಮುಂದೆ ದಪ್ಪ ಫೈಲು. ನಮ್ಮನ್ನು ನೋಡಿ ಎದ್ದು ಕೈ ಮುಗಿದ. ಕೆಟ್ಟ ಮನುಷ್ಯನ ಥರ ಕಾಣುತ್ತಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ರೇಗಿತು.

ಅಧ್ಯಕ್ಷೆ ಎರಡು ಪ್ರಿಂಟನ್ನೂ ಬೆಳಕಿಗೆ ಹಿಡಿದು ನೋಡಿದರು. “ಮೂಲೆಯಲ್ಲಿ ೨೦೦೫ ಅಂತಿದೆ. ಗೋಡೆಯಲ್ಲಿ ೨೦೧೧ ಅಂತಿದೆ. ಯಾವುದನ್ನ ನಂಬೋದು?”

“ಮೇಡಂ, ಹಳೇ ಕ್ಯಾಲೆಂಡರ್ ಹಾಳೆ ತಗುಲಿಸಿ ಇವತ್ತು ಬೆಳಿಗ್ಗೆ ಕೂಡ ಫೋಟೋ ತೆಗೀಬಹುದು,” ಅಂದ ನಂದೀಶ್ ಮೆತ್ತಗೆ.

“ಇವತ್ತು ಬೆಳಿಗ್ಗೆ ಈಯಮ್ಮನ ಕೂದಲು ಕಪ್ಪಗಾಗಿತ್ತೇನ್ರಿ?” ಅಂತ ನಾನು ಎದ್ದೆ. ಅಧ್ಯಕ್ಷೆ ಕೈ ತೋರಿಸಿ ಕೂರಿಸಿದರು. ಕೋಪ ನುಂಗಿಕೊಂಡು ಮೂರನೇ ಪ್ರಿಂಟನ್ನು ಮುಂದಿಟ್ಟೆ. “ಮೇಡಂ, ಕ್ಯಾಮೆರಾ ತಾರೀಕು ಹೊಂದಿಸದೇ ಇದ್ದದ್ದು ನನ್ನ ತಪ್ಪು. ಆದ್ರೆ ಈ ಫೋಟೋ ಬಂದಿರೋ ಗಂಟು ಕಟ್ಟಿರೋದು ೨೦೧೧ರ ಅಕ್ಟೋಬರ್ ನಾಲ್ಕಕ್ಕೆ. ಮಾರನೇ ದಿನ ಆಯುಧ ಪೂಜೆ, ಪಂಚಾಂಗ ನೋಡಿ. ಇವತ್ತು ನಾನು ಬಿಚ್ಚೋ ತನಕ ಯಾರೂ ಅದನ್ನ ಬಿಚ್ಚಿರಲಿಲ್ಲ. ಡಿಸ್ಕೇ ತಂದಿದ್ದೀನಿ. ನಿಮ್ಮವರೇ ಪರೀಕ್ಷೆ ಮಾಡ್ಲಿ.” ಟವಲ್ ಬಿಚ್ಚಿ ಡಿಸ್ಕನ್ನು ಮೇಜಿನ ಮೇಲಿಟ್ಟೆ.

ಸಮಿತಿಯ ಜೊತೆ ಬಂದಿದ್ದ ಕಂಪ್ಯೂಟರ್ ತಜ್ಞ ಅದನ್ನು ಅದೇ ಬ್ಯಾಕಪ್ ಸಾಫ್ಟ್‌ವೇರ್ ಇದ್ದ ತನ್ನ ಲ್ಯಾಪ್‌ಟಾಪಿಗೆ ಹಾಕಿ ಬಹಳ ಹೊತ್ತು ಏನೇನೋ ನೋಡಿದ. ಕೊನೆಗೆ ತಲೆ ಎತ್ತಿ, “ಸರಿಯಾಗಿದೆ ಮೇಡಂ. ೨೦೧೧ರದ್ದೇ. ಆಮೇಲೆ ಯಾರೂ ಮುಟ್ಟಿಲ್ಲ,” ಅಂದ. ಮುಟ್ಟಿದ್ದರು, ಕುಂಕುಮ ಹಚ್ಚಿ ಮುಟ್ಟಿದ್ದರು, ಆದರೆ ಅದನ್ನು ಅಲ್ಲಿ ಹೇಳಲಿಲ್ಲ.

ಅಧ್ಯಕ್ಷೆ ನಂದೀಶನ ಕಡೆ ನೋಡಿದರು. ನಂದೀಶ್ ತನ್ನ ಫೈಲು ಮುಚ್ಚಿದ.

“ತಕರಾರು ಎತ್ತಿಹಿಡಿದಿದ್ದೇವೆ,” ಅಂದರು ಅಧ್ಯಕ್ಷೆ. “ತಳಿ ಮುನಿಶಾಮಮ್ಮನವರದು. ಹೆಸರು ಏನಂತ ಬರ್ಕೊಳ್ಳಲಿ?”

“ಮೊಂಡಿ.”

ಅಧ್ಯಕ್ಷೆ ಪೆನ್ನು ನಿಲ್ಲಿಸಿದರು. “ಅಮ್ಮ, ಇದು ದೇಶದ ಪಟ್ಟಿಗೆ ಹೋಗೋ ಹೆಸರು. ಸ್ವಲ್ಪ ಚೆಂದದ ಹೆಸರು ಇಡಬಹುದು.”

“ಹತ್ತು ವರ್ಷ ಮರ ಕಡಿ ಕಡಿ ಅಂದ್ರು, ಕಡೀಲಿಲ್ಲ. ಈಗ ಹೆಸ್ರು ಕಡೀತೀನಾ? ಬರ್ಕೊಳ್ಳಮ್ಮ, ಮೊಂಡಿ.”

ಬರೆದುಕೊಂಡರು. ಮುನಿಶಾಮಮ್ಮ ಎದ್ದು, ಬುಟ್ಟಿಯಿಂದ ಒಂದು ಹಣ್ಣು ತೆಗೆದು, ಸೊಂಟದ ಚೂರಿಯಿಂದ ಅಲ್ಲೇ ಹೆಚ್ಚಿದರು. ಸಭಾಂಗಣವೆಲ್ಲ ಘಮ್ಮೆಂದಿತು. ಮೊದಲ ಹೋಳನ್ನು ಅಧ್ಯಕ್ಷೆಗೆ ಕೊಡುತ್ತಾರೆ ಅಂದುಕೊಂಡೆ. ನೆಟ್ಟಗೆ ಹೋಗಿ ನಂದೀಶನ ಮುಂದೆ ನಿಂತರು. ಅವನು ಗಾಬರಿಯಿಂದ ಕೈ ಚಾಚಿದ. ಇವರು ಹೋಳನ್ನು ಹಿಂದಕ್ಕೆ ಎಳೆದುಕೊಂಡರು. ನಮ್ಮ ಕಡೆ ಮದುವೆಯಲ್ಲಿ ಗಂಡು ಹೆಣ್ಣಿಗೆ ತುತ್ತು ತಿನ್ನಿಸುವಾಗ ಹೆಸರು ಹೇಳುವ ತನಕ ಬಿಡುವುದಿಲ್ಲವಲ್ಲ, ಅದೇ ರೀತಿ.

“ಹೆಸರೇಳಿ ತಿನ್ನಪ್ಪ.”

ನಂದೀಶ್ ನೆಲ ನೋಡಿದ.

“ಮೊಂಡಿ,” ಅಂದ.

“ಯಾರ ಮೊಂಡಿ?”

ಅವನ ಕಿವಿ ಕೆಂಪಾಯಿತು. “ಮುನಿಶಾಮಮ್ಮನ ಮೊಂಡಿ.”

ಹೋಳನ್ನು ಅವನ ಬಾಯಿಗೇ ಇಟ್ಟರು. “ಇನ್ನು ಕಡ್ಡಿ ಬೇಕಾದ್ರೆ ಬಾ, ಕೇಳು, ಕೊಡ್ತೀನಿ. ಈ ಹೆಸರಲ್ಲೇ ಮಾರು.” ಅವನು ಅಗಿಯುತ್ತಾ ತಲೆಯಾಡಿಸಿದ. ಅವನ ಕಣ್ಣಲ್ಲಿ ನೀರು ಕಂಡಂತಾಯಿತು, ನಾಚಿಕೆಗೋ ರುಚಿಗೋ ನನಗೆ ಗೊತ್ತಿಲ್ಲ.

ಸಮಿತಿಯವರಿಗೆಲ್ಲ ಕೊಟ್ಟು ಕೊನೆಗೆ ನನ್ನ ಹತ್ತಿರ ಬಂದರು. ಬುಟ್ಟಿಯಲ್ಲಿದ್ದ ಒಂದು ಇಡೀ ಹಣ್ಣನ್ನು ನನ್ನ ಕೈಗಿಟ್ಟು, “ಇದು ನಿಮ್ಮ ಅತ್ತೆಗೆ. ನೀನು ಮುಟ್ಬೇಡ,” ಅಂದರು. ಆಮೇಲೆ ಒಂದು ಹೋಳು ನನ್ನ ಬಾಯಿಯ ಹತ್ತಿರ ಹಿಡಿದರು. ನಾನು ಹೆಸರು ಹೇಳಲು ಬಾಯಿ ತೆರೆದೆ.

“ನೀನು ಹೆಸರು ಹೇಳೋದು ಬೇಡ ಕಣೇ,” ಅಂದರು. “ನಿನ್ನ ಬೈಯೋದು ಬಾಕಿ ಐತೆ. ತಿಂತಾ ತಿಂತಾ ಕೇಳು.”

ಕಚೇರಿಯ ಮೆಟ್ಟಿಲ ಮೇಲೆ, ಹೋಗುವವರು ಬರುವವರೆಲ್ಲ ನಿಂತು ನೋಡುವಂತೆ, ತೆಲುಗಿನಲ್ಲೂ ಕನ್ನಡದಲ್ಲೂ ನನ್ನನ್ನು ಚೆನ್ನಾಗಿ ಬೈದರು. ಒಂದಕ್ಕೂ ನಾನು ಎದುರಾಡಲಿಲ್ಲ. ಹಣ್ಣು ಬಹಳ ಸಿಹಿಯಾಗಿತ್ತು.